ರಿಯೂನಿಯನ್‌ಗೆ ಹೊರಟಿರುವ ಶಾಂತಲಾಗೆ

ಧಾರವಾಡ

ಚಿ. ಶಾಂತಲಾಗೆ ನಿನ್ನ ಕಾಕಾ ಮಾಡುವ ಅನೇಕ ಆಶೀರ್ವಾದಗಳು.

ನೀನು ಓದಲು ಹಿಂದೂ ಮಹಾಸಾಗರದಲ್ಲಿ ಫ್ರಾನ್ಸಿಗೆ ಸೇರಿದ ರಿಯೂನಿಯನ್ ದ್ವೀಪಕ್ಕೆ ಹೊರಟಿರುವ ಸುದ್ದಿಯನ್ನು ಅಣ್ಣ ತಿಳಿಸಿದ. ಮನೆಯಲ್ಲಿ ಎಲ್ಲರೂ ಕಡಲ ದಂಡೆಯ ಮಾತನ್ನೇ ಆಡುತ್ತಿದ್ದಾರಂತೆ. ಭೂಗೋಳ ಕಲಿಸುತ್ತಲೇ ಕೂದಲು ನರೆತವನು ನಾನು, ನನ್ನ ಮಾತನ್ನೂ ಸ್ವಲ್ಪ ಕೇಳು. ಅಲ್ಲಿ ಇಳಿದ ದಿನವೇ ಸಮುದ್ರಕ್ಕೆ ಬೆನ್ನು ಮಾಡಿ ನಿಂತು ಬೆಟ್ಟವನ್ನು ನೋಡು.

ಆ ದ್ವೀಪವೇ ಒಂದು ಬೆಟ್ಟ. ಉದ್ದಕ್ಕೆ ಹುಬ್ಬಳ್ಳಿಯಿಂದ ಗದಗಿನಷ್ಟು ದೂರ. ಅಷ್ಟರಲ್ಲೇ ಪಿತೋಂ ದೆ ನೇಜ್ ಶಿಖರ 3,070 ಮೀಟರ್ ಏರಿ ನಿಂತಿದೆ. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರನ್ನೂ ಮುಟ್ಟುವುದಿಲ್ಲ. ಶಿಖರದ ಸುತ್ತ ಸೀಲಾಓಸ್, ಸಲಾಜಿ, ಮಫಾತ್ ಎಂಬ ಮೂರು ಆಳವಾದ ಕೊಳ್ಳಗಳಿವೆ. ಮಫಾತ್‌ಗೆ ಇಂದಿಗೂ ವಾಹನದ ರಸ್ತೆಯಿಲ್ಲ. ಕಾಲ್ನಡಿಗೆಯಲ್ಲಿ ಹೋಗಬೇಕು, ಇಲ್ಲವೇ ಹೆಲಿಕಾಪ್ಟರ್ ಹಿಡಿಯಬೇಕು. ಯಜಮಾನರಿಂದ ತಪ್ಪಿಸಿಕೊಂಡ ಗುಲಾಮರು ಒಂದು ಕಾಲಕ್ಕೆ ಅಲ್ಲಿ ಅಡಗಿ ಬದುಕಿದ್ದರು. ಕಾಲಿನಲ್ಲಿ ಕಸುವಿರುವಾಗಲೇ ಅಲ್ಲಿಗೆ ಹೋಗಿ ಬಾ.

ಕಲಘಟಗಿಯಲ್ಲಿ ಭತ್ತದ ಗದ್ದೆ ಇರುವಾಗ ನವಲಗುಂದದಲ್ಲಿ ಜನ ಮೋಡ ಕಾಯುವುದನ್ನು ನೀನೇ ಕಂಡಿದ್ದೀಯೆ. ಆ ದ್ವೀಪದಲ್ಲಿ ಈ ವ್ಯತ್ಯಾಸ ಇನ್ನೂ ತೀವ್ರ. ಆಗ್ನೇಯದಿಂದ ಬೀಸುವ ವಾಣಿಜ್ಯ ಮಾರುತಗಳು ಪೂರ್ವದ ಇಳಿಜಾರಿಗೆ ಮಳೆ ಸುರಿದು ಬರಿದಾಗುತ್ತವೆ. ಪಶ್ಚಿಮದಲ್ಲಿ ಒಣ ಹುಲ್ಲು. ನವೆಂಬರಿನಿಂದ ಏಪ್ರಿಲ್‌ವರೆಗೆ ಸೆಕೆ, ಮಳೆ, ಚಂಡಮಾರುತ. 2007ರ ಫೆಬ್ರವರಿಯಲ್ಲಿ ಗಾಮೆದ್ ಚಂಡಮಾರುತ ಬಂದಾಗ ಕೊಮೆರ್ಸೋಂ ಎಂಬಲ್ಲಿ ಮೂರೇ ದಿನದಲ್ಲಿ 3,929 ಮಿಲಿಮೀಟರ್ ಮಳೆ ಸುರಿಯಿತು. ಧಾರವಾಡಕ್ಕೆ ಇಡೀ ವರ್ಷ ಬೀಳುವ ಮಳೆಯ ನಾಲ್ಕು ಪಟ್ಟಿಗಿಂತ ಹೆಚ್ಚು! ಜಗತ್ತಿನಲ್ಲಿ ಮೂರು ದಿನದ ಮಳೆಯ ದಾಖಲೆ ಅದೇ. ಆದ್ದರಿಂದ ಕೆಂಪು ಎಚ್ಚರಿಕೆ ಕೊಟ್ಟ ದಿನ ಹೊಸ್ತಿಲು ದಾಟಬೇಡ; ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ, ಅದು ಮೊಣಕಾಲಿನಷ್ಟೇ ಇದ್ದರೂ ಇಳಿಯಬೇಡ.

ಸಮುದ್ರದ ವಿಷಯದಲ್ಲಿ ಒಂದೇ ಮಾತು. ಶಾರ್ಕ್ ದಾಳಿಗಳಿಂದಾಗಿ 2013ರಲ್ಲಿ ಅಲ್ಲಿ ಈಜನ್ನೇ ನಿಷೇಧಿಸಿದರು. ಹವಳದ ದಿಬ್ಬದ ಒಳಗಿನ ತಿಳಿನೀರು, ಕಾವಲು ಇರುವ ತೀರ, ಇವಕ್ಕೆ ಮಾತ್ರ ವಿನಾಯಿತಿ. ಗೆಳತಿಯರು ಕರೆದರೆಂದು ಬೇರೆಲ್ಲೂ ನೀರಿಗಿಳಿಯಬೇಡ.

ಈಗ ಈ ಪತ್ರ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ನೆಲ ಉತ್ತರಕ್ಕೆ ಸರಿಯುತ್ತಿದ್ದಾಗ ಅದರ ಅಡಿಯಿಂದ ಲಾವಾ ಉಕ್ಕಿ ಪದರ ಪದರವಾಗಿ ಹರಡಿತು. ಬೆಳಗಾವಿ, ವಿಜಯಪುರದ ಕಡೆಯ ಕಪ್ಪು ಕಲ್ಲು ಅದರದೇ ಕೊಡುಗೆ. ಅಂದು ಉಕ್ಕಿಸಿದ ಆಳದ ಬೆಂಕಿಯೇ ಇಂದು ರಿಯೂನಿಯನ್‌ನ ಅಡಿಯಲ್ಲಿ ಉರಿಯುತ್ತಿದೆ ಎಂದು ಬಹುಪಾಲು ಭೂವಿಜ್ಞಾನಿಗಳು ಒಪ್ಪುತ್ತಾರೆ. ಕೆಂಡದ ಮೇಲೆ ರೊಟ್ಟಿಯನ್ನು ಮೆಲ್ಲಗೆ ಸರಿಸಿದರೆ ಸುಟ್ಟ ಕಲೆಗಳು ಸಾಲಾಗಿ ಮೂಡುವಂತೆ, ದಖನ್, ಲಕ್ಷದ್ವೀಪದ ಸಾಲು, ಮಾರಿಷಸ್, ಕೊನೆಗೆ ಆ ದ್ವೀಪ ಮೂಡಿವೆ. ನಮ್ಮ ಧಾರವಾಡದ ಶಿಲೆಗಳು ಇವೆಲ್ಲಕ್ಕಿಂತ ಹಿಂದಿನವು, 250 ಕೋಟಿ ವರ್ಷ ಮೀರಿದವು. ಅವುಗಳ ಕಥೆಯೇ ಬೇರೆ.

ಆ ದ್ವೀಪದ ಪಿತೋಂ ದ ಲಾ ಫೂರ್ನೇಸ್ ಜಗತ್ತಿನ ಅತ್ಯಂತ ಚುರುಕಾದ ಜ್ವಾಲಾಮುಖಿಗಳಲ್ಲಿ ಒಂದು. 2007ರ ಏಪ್ರಿಲ್‌ನಲ್ಲಿ ಅದರ ಬಾಯಿಯ ತಳ ಮುನ್ನೂರು ಮೀಟರಿಗೂ ಹೆಚ್ಚು ಕುಸಿಯಿತು, ಲಾವಾ ಹೆದ್ದಾರಿಯನ್ನು ನುಂಗಿ ಸಮುದ್ರ ಸೇರಿತು. ಅದನ್ನು ನೋಡಲು ಹೋಗುವುದಾದರೆ ನಸುಕಿನಲ್ಲೇ ಹೊರಡು. ಹೊತ್ತೇರುವಷ್ಟರಲ್ಲಿ ಮಂಜು ಕವಿಯುತ್ತದೆ. ಕಲ್ಲುಗಳ ಮೇಲೆ ಬಳಿದಿರುವ ಬಿಳಿ ಗುರುತುಗಳನ್ನು ಬಿಟ್ಟು ಒಂದು ಹೆಜ್ಜೆಯೂ ಇಡಬೇಡ. ಜುಲೈ ಅಲ್ಲಿ ಚಳಿಗಾಲ, ಸ್ವೆಟರ್ ಬೇಕು.

ಕೆಳಗೆ ಹೆದ್ದಾರಿಯ ಪಕ್ಕದಲ್ಲಿ ಆ ಲಾವಾದ ಮುಂದೆ ಕುಳಿತುಕೋ. ಮೊದಲಿಗೆ ಎಲ್ಲ ಕಪ್ಪಾಗಿ ಕಾಣುತ್ತದೆ. ಕಣ್ಣು ಹತ್ತಿರ ಒಯ್ದರೆ ಬೂದಿಬಣ್ಣದ ಕಲ್ಲುಹೂವು ತೆಳ್ಳಗೆ ಹಬ್ಬಿರುವುದು ಕಂಡೀತು. ಬಿರುಕುಗಳಲ್ಲಿ ಪುಟ್ಟ ಜರೀಗಿಡಗಳು. ಕಲ್ಲಿನಲ್ಲಿ ಅಲ್ಲಲ್ಲಿ ಒಲಿವಿನ್ ಎಂಬ ಹಸಿರು ಹರಳು ಮಿನುಗುತ್ತದೆ. ಕಲ್ಲು ಮಣ್ಣಾಗುವ ಕೆಲಸ ನಿನ್ನ ಕಣ್ಣೆದುರೇ ನಡೆದಿರುತ್ತದೆ. ಇಷ್ಟು ವರ್ಷ ಪಾಠ ಹೇಳಿದರೂ ನಾನು ಅದನ್ನು ಹಲಗೆಯ ಮೇಲೆ ಬರೆದು ತೋರಿಸಿದೆನೇ ಹೊರತು ನೋಡಿದವನಲ್ಲ.

ವೆನಿಲ್ಲಾ ತೋಟಕ್ಕೂ ತಪ್ಪದೆ ಹೋಗು. ಮೆಕ್ಸಿಕೋದಿಂದ ತಂದ ಆ ಬಳ್ಳಿ ಅಲ್ಲಿ ಹೂ ಬಿಟ್ಟರೂ ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಸಣ್ಣ ಕಡ್ಡಿಯಿಂದ ಹೂವಿನ ಒಳಪರದೆಯನ್ನು ಎತ್ತಿ, ಹೆಬ್ಬೆರಳಿನಿಂದ ಒತ್ತಿ ಪರಾಗಸ್ಪರ್ಶ ಮಾಡಿಸಿದ. ಇಂದಿಗೂ ಅದೇ ವಿಧಾನ ಬಳಕೆಯಲ್ಲಿದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಮೇಲೆ ಅವನಿಗೆ ಆಲ್ಬಿಯುಸ್ ಎಂಬ ಅಡ್ಡಹೆಸರು ಸಿಕ್ಕಿತು, ಹಣ ಸಿಗಲಿಲ್ಲ, ಬಡತನದಲ್ಲೇ ಸತ್ತ. ಅವನ ಹೆಸರನ್ನು ಅಲ್ಲಿ ಕೇಳಿ ತಿಳಿದುಕೋ.

ವೀಸಾ ಬಂದ ಕೂಡಲೇ ತಿಳಿಸು. ಹೊರಡುವ ಮುನ್ನ ಒಂದು ಭಾನುವಾರ ನಾವಿಬ್ಬರೂ ವಿಜಯಪುರಕ್ಕೆ ಹೋಗಿ ಬರೋಣ. ಗೋಳಗುಮ್ಮಟದ ಗೋಡೆಯ ಕಲ್ಲನ್ನು ಮುಟ್ಟಿ ನೋಡಿ ಹೋಗು. ರಿಯೂನಿಯನ್‌ನಲ್ಲಿ ಲಾವಾ ಕಂಡಾಗ ಎರಡನ್ನೂ ಹೋಲಿಸಿ ನನಗೆ ಬರೆ.

ನಿನ್ನ
ಕಾಕಾ