ಕಂಟೈನರ್ ಟ್ರೈಲರ್: ಲಾಕ್ ಹಾಕಿದ್ದಾರೋ ಎಂದು ನೋಡುವವರು ಯಾರು?

ಮಾನ್ಯ ಸಂಪಾದಕರೇ,

ಈ ಅಂಕಣದಲ್ಲಿ ಕಂಟೈನರ್ ಟ್ರೈಲರ್‌ಗಳ ಬಗ್ಗೆ ಆಗಾಗ ಪತ್ರ ಬರುತ್ತದೆ. ಹಗಲು ನಗರದೊಳಗೆ ಬಿಡಬಾರದು, ಕೂಳೂರಿನಲ್ಲಿ ಬ್ಲಾಕ್ ಆಗುತ್ತದೆ, ಸರ್ವಿಸ್ ರಸ್ತೆಯಲ್ಲಿ ಸಾಲಾಗಿ ನಿಲ್ಲಿಸುತ್ತಾರೆ ಎಂದೆಲ್ಲ. ಸರಿಯೇ. ಆದರೆ ಕಂಟೈನರನ್ನು ಹಿಡಿದಿಡುವ, ಟ್ರೈಲರಿನ ಮೂಲೆಯಲ್ಲಿರುವ ಲಾಕಿನ ವಿಚಾರ ಯಾರೂ ಬರೆದದ್ದನ್ನು ನಾನು ಓದಿಲ್ಲ. ಬೈಕಂಪಾಡಿಯಲ್ಲಿ ಟ್ರೈಲರ್ ಚಾಸಿಸ್ ವೆಲ್ಡಿಂಗ್ ನನ್ನ ಕಸುಬು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಸುರತ್ಕಲ್ ಸಂತೆಗೆ ಹೋಗುವಾಗಲೂ ಪಕ್ಕದಲ್ಲಿ ಟ್ರೈಲರ್ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಅದರ ಮೂಲೆಗೆ. ತೆರೆದ ಲಾಕ್ ಕಾಣುವುದು ಅಪರೂಪವೇನಲ್ಲ. ಕಂಡರೆ ಸ್ಕೂಟರನ್ನು ಹಿಂದೆ ಹಾಕುತ್ತೇನೆ, ಅಷ್ಟೇ ನನ್ನ ಕೈಯಲ್ಲಿರುವುದು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಂಟೈನರಿಗೆಂದೇ ಮಾಡಿದ ಟ್ರೈಲರಿಗೆ ಮೇಲೆ ಹಲಗೆಯೂ ಇಲ್ಲ, ಬದಿಗೆ ಗೋಡೆಯೂ ಇಲ್ಲ. ಉದ್ದಕ್ಕೆ ಎರಡು ಬೀಮು, ಅಡ್ಡಕ್ಕೆ ಕೆಲವು, ಕೆಳಗೆ ಆಕ್ಸಲ್, ಮುಂದೆ ಹಾರ್ಸಿಗೆ (ಎಳೆಯುವ ಎಂಜಿನ್ ಗಾಡಿಗೆ) ಸಿಕ್ಕಿಸುವ ಕಿಂಗ್‌ಪಿನ್. ಕಂಟೈನರಿಗೆ ನಾವು ಬಾಕ್ಸ್ ಎನ್ನುತ್ತೇವೆ. ಬಾಕ್ಸಿನ ಕೆಳಗಿನ ನಾಲ್ಕು ಮೂಲೆಗಳಲ್ಲಿ ಎರಕದ ಉಕ್ಕಿನ ದಪ್ಪ ತುಂಡು ಉಂಟು, ಅದರಲ್ಲಿ ಉದ್ದನೆಯ ತೂತು. ಟ್ರೈಲರಿನ ಮೇಲೆ ಎದ್ದು ನಿಂತ ಲಾಕಿನ ತಲೆ ಆ ತೂತಿನೊಳಗೆ ಕೂರುತ್ತದೆ. ಕೆಳಗಿನ ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ತಲೆ ಅಡ್ಡವಾಗಿ ಒಳಗೆ ಕಚ್ಚಿಕೊಳ್ಳುತ್ತದೆ. ಟ್ವಿಸ್ಟ್ ಲಾಕ್ ಎಂದರೆ ಇಷ್ಟೇ. ಹಗ್ಗ, ಚೈನು, ಬೇರೆ ಎಂಥದ್ದೂ ಇಲ್ಲ. 40 ಅಡಿಯ ಟ್ರೈಲರಿನಲ್ಲಿ ಸಾಮಾನ್ಯವಾಗಿ 12 ಲಾಕ್ ಇಟ್ಟಿರುತ್ತಾರೆ. 40 ಅಡಿಯ ಬಾಕ್ಸಿಗೆ ತುದಿಯ ನಾಲ್ಕು ಸಾಕು, 20 ಅಡಿಯ ಎರಡು ಇಟ್ಟರೆ ನಡುವಿನ ನಾಲ್ಕೂ ಬೇಕು, 20 ಅಡಿಯದ್ದು ಒಂದೇ ಇದ್ದರೆ ಮಧ್ಯಕ್ಕೆ ಕೂರಿಸಲು ಇನ್ನು ನಾಲ್ಕು.

ಈ ಬಾಕ್ಸಿನ ವ್ಯಾಪಾರ ಶುರು ಮಾಡಿದ್ದೇ ಒಬ್ಬ ಲಾರಿ ಮಾಲಕ. ಅಮೆರಿಕದ ಮಾಲ್ಕಮ್ ಮೆಕ್ಲೀನ್ 1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಎಂಬ ಹಡಗಿನಲ್ಲಿ 58 ಬಾಕ್ಸ್ ಏರಿಸಿ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದ. ಅವನ ಎಂಜಿನಿಯರ್ ಕೀತ್ ಟಾಂಟ್‌ಲಿಂಗರ್ ರೂಪಿಸಿದ ಲಾಕಿನ ಸಂತತಿಯೇ ಇವತ್ತು ನಮ್ಮ ಪಣಂಬೂರು ಬಂದರಿನಲ್ಲಿ ತಿರುಗುವುದು. ಹಡಗಿನವರು ಅದಕ್ಕೆ ಕೊಡುವ ಮರ್ಯಾದೆ ನೋಡಬೇಕು. ಒಂದರ ಮೇಲೊಂದು ಬಾಕ್ಸ್ ಏರಿಸುವಾಗ ನಡುವೆ ಲಾಕ್, ಅದರ ಮೇಲೆ ಸರಳು ಹಾಕಿ ಬಿಗಿ. 2016ರ ಜುಲೈ 1ರಿಂದ ಬಾಕ್ಸಿನ ಒಟ್ಟು ತೂಕವನ್ನು ದೃಢಪಡಿಸಿ ಕೊಡದೆ ಹಡಗಿಗೆ ಏರಿಸುವ ಹಾಗೂ ಇಲ್ಲ. ಅದೇ ಬಾಕ್ಸ್ ಹಡಗಿನಿಂದ ಇಳಿದು ನಮ್ಮ ಹೆದ್ದಾರಿ 66ಕ್ಕೆ ಬಂದ ಕೂಡಲೇ ದೇವರ ಮೇಲೆ ಭಾರ.

ಚಾಲಕರು ಯಾಕೆ ಲಾಕ್ ಹಾಕುವುದಿಲ್ಲ? ಉದಾಸೀನ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆದರೆ ಶೆಡ್ಡಿಗೆ ಬಂದವರ ಜತೆ ಚಹಾ ಕುಡಿಯುತ್ತಾ ಮಾತಾಡಿದರೆ ಬೇರೆಯೇ ಕಾರಣಗಳು ಹೊರಬರುತ್ತವೆ.

ಮೊದಲನೆಯದು ಕ್ರೇನಿನ ಹೆದರಿಕೆ. ಯಾರ್ಡಿನಲ್ಲಿ ಬಾಕ್ಸ್ ಎತ್ತುವಾಗ ಒಂದು ಲಾಕ್ ಮುಚ್ಚಿಕೊಂಡೇ ಇದ್ದರೂ ಬಾಕ್ಸಿನ ಜತೆ ಟ್ರೈಲರಿನ ಆ ಮೂಲೆಯೂ ಮೇಲೇಳುತ್ತದೆ, ಕೆಲವೊಮ್ಮೆ ಹಾರ್ಸ್ ಸಮೇತ. ಒಮ್ಮೆ ಹಾಗೆ ಆದದ್ದನ್ನು ಕಂಡ ಚಾಲಕ ಮತ್ತೆ ರಿಸ್ಕ್ ತೆಗೆದುಕೊಳ್ಳುವುದಿಲ್ಲ. ಯಾರ್ಡ್ ಇನ್ನೂ ದೂರ ಇರುವಾಗಲೇ, ಎಲ್ಲೋ ಚಹಾಕ್ಕೆ ನಿಲ್ಲಿಸಿದಲ್ಲೇ, ನಾಲ್ಕೂ ತೆರೆದುಬಿಡುತ್ತಾನೆ. ಕ್ಯೂವಿನಲ್ಲಿ ಹಿಂದಿನವ ಹಾರ್ನ್ ಹೊಡೆಯುವಾಗ ಇಳಿದು ಸುತ್ತು ಹೊಡೆಯಲು ಸಮಯ ಎಲ್ಲಿದೆ ಎನ್ನುತ್ತಾನೆ. ಕ್ಲೀನರ್ ಇಲ್ಲದೆ ಒಬ್ಬನೇ ಗಾಡಿ ಓಡಿಸುವ ಈ ಕಾಲದಲ್ಲಿ ಅದು ಸುಳ್ಳಲ್ಲ.

ಎರಡನೆಯದು ಇನ್ನೂ ವಿಚಿತ್ರ. ಬಾಗಲಕೋಟೆ ಕಡೆಯ ಒಬ್ಬ ಹುಡುಗ, ಒಳ್ಳೆಯ ಕೆಲಸಗಾರ, ಹಿಂದಿನ ಎಡಗಡೆಯ ಲಾಕಿನ ಬುಡ ಬಿರುಕು ಬಿಟ್ಟದ್ದನ್ನು ತೋರಿಸಿದರೆ ನಗಾಡಿದ. “ಇರ್ಲಿ ಬಿಡ್ರೀ ಅಣ್ಣಾರ. ಪಲ್ಟಿ ಆದ್ರ ಬಾಕ್ಸ್ ಅಷ್ಟ ಹೋಗ್ಲಿ. ಲಾಕ್ ಹಾಕಿದ್ರ ನನ್ನೂ ಎಳಕೊಂಡ ಹೋಗ್ತದ.” ಇದು ಅವನೊಬ್ಬನ ಮಾತಲ್ಲ, ಲೈನಿನಲ್ಲಿ ಓಡಿಸುವ ಹಲವರ ನಂಬಿಕೆ. ಅವನ ಲೆಕ್ಕ ಪೂರ್ತಿ ತಪ್ಪೂ ಅಲ್ಲ. ತಿರುವಿನಲ್ಲಿ ಬಾಕ್ಸ್ ಜಾರಿ ಬಿದ್ದರೆ ಹಾರ್ಸ್ ನಿಂತಲ್ಲೇ ಉಳಿಯಬಹುದು, ಅವನ ಜೀವವೂ ಉಳಿಯಬಹುದು. ಆದರೆ ಬಾಕ್ಸ್ ಬೀಳುವುದು ಯಾರ ಮೇಲೆ? ನಂತೂರಿನಲ್ಲಿ ಟ್ರೈಲರಿನ ಬದಿಗೆ ಅಂಟಿಕೊಂಡೇ ರಿಕ್ಷಾ, ಬೈಕು, ಸಿಟಿ ಬಸ್ಸು ತಿರುಗುತ್ತವೆ. ಮೇಲಾಗಿ ಲಾಕ್ ಹಾಕಿದರೆ ಟ್ರೈಲರಿನ ತೂಕವೂ ಬಾಕ್ಸನ್ನು ಕೆಳಗೆ ಹಿಡಿದಿಡುತ್ತದೆ, ಮಗುಚುವ ಸಂಭವವೇ ಕಡಿಮೆ. ತೆರೆದಿಟ್ಟರೆ ಬಾಕ್ಸಿನ ದಾರಿ ಬಾಕ್ಸಿಗೆ. ಇದನ್ನು ಅವನಿಗೆ ಚಾಕ್‌ಪೀಸಿನಲ್ಲಿ ನೆಲದ ಮೇಲೆ ಬರೆದು ತೋರಿಸಿದೆ. ತಲೆಯಾಡಿಸಿದ. ಒಪ್ಪಿದನೋ ಇಲ್ಲವೋ, ಬುಡಕ್ಕೆ ವೆಲ್ಡಿಂಗ್ ಮಾಡಿಸಿಕೊಂಡೇ ಹೋದ.

ಮೂರನೆಯ ಕಾರಣ ಹತ್ತಿರದ ಓಡಾಟ. ಬೆಂಗಳೂರಿಗೆ ಹೋಗುವ ಗಾಡಿಯವರು ಶಿರಾಡಿ ಘಾಟಿ ಹತ್ತಬೇಕಲ್ಲ, ಅವರು ಉಪ್ಪಿನಂಗಡಿ ದಾಟಿದ ಮೇಲಾದರೂ ಒಮ್ಮೆ ಇಳಿದು ಲಾಕ್, ಟೈರ್ ಎರಡನ್ನೂ ತಟ್ಟಿ ನೋಡುತ್ತಾರೆ. ಬಂದರಿನಿಂದ ಬೈಕಂಪಾಡಿಯ ಗೋದಾಮಿಗೆ, ಅಲ್ಲಿಂದ ಜೋಕಟ್ಟೆ ಕಡೆಗೆ ಬಾಕ್ಸ್ ಸಾಗಿಸುವವರು ಮುಟ್ಟುವುದೇ ಇಲ್ಲ. “ಇಲ್ಲೇ ಅಲ್ಲವಾ ಅಣ್ಣ” ಎನ್ನುತ್ತಾರೆ. ಕೆಲವರು ಟ್ರೈಲರೂ ಬೇಡವೆಂದು ಮಾಮೂಲಿ ಫ್ಲಾಟ್ ಲಾರಿಯ ಮೇಲೆ ಎಂಪ್ಟಿ ಬಾಕ್ಸ್ ಇಟ್ಟು ನೈಲಾನ್ ಹಗ್ಗ ಸುತ್ತಿ ಹೊರಡುತ್ತಾರೆ. ನನ್ನ ಪ್ರಕಾರ ಜಿಲ್ಲೆಯಲ್ಲಿ ಅತಿ ಅಪಾಯದ ಗಾಡಿ ಘಾಟಿ ಹತ್ತುವುದಲ್ಲ, ಈ ಹತ್ತಿರದ್ದು.

ಎಂಪ್ಟಿ ಎಂದರೆ ಹಗುರ, ಏನೂ ಆಗುವುದಿಲ್ಲ ಎಂಬ ಭಾವನೆ ಜನರಲ್ಲೂ ಇದೆ. 40 ಅಡಿಯ ಹೈಕ್ಯೂಬ್ (ಎತ್ತರ ಹೆಚ್ಚಿರುವ) ಬಾಕ್ಸ್ ಖಾಲಿ ಇರುವಾಗ ಸುಮಾರು ನಾಲ್ಕು ಟನ್ ಮಾತ್ರ, ಆದರೆ ಅದರ ಒಂದು ಬದಿ 40 ಅಡಿ ಉದ್ದ, 9.5 ಅಡಿ ಎತ್ತರ. ಟ್ರೈಲರ್ ಮೇಲೆ ಕೂತರೆ ಅದರ ತಲೆ ನೆಲದಿಂದ 14 ಅಡಿ ದಾಟುತ್ತದೆ. ಜೂನ್, ಜುಲೈಯಲ್ಲಿ ಪಣಂಬೂರು, ಕೂಳೂರು ಸೇತುವೆಯ ಬಯಲಿನಲ್ಲಿ ಕಡಲಿನಿಂದ ಬೀಸುವ ಗಾಳಿಗೆ ಅದು ದೋಣಿಯ ಹಾಯಿ ಇದ್ದ ಹಾಗೆ.

ತುಂಬಿದ ಬಾಕ್ಸಿನ ಕಷ್ಟ ಬೇರೆ. ಬಾಗಿಲ ಮೇಲೆ ಬರೆದ ಗರಿಷ್ಠ ಒಟ್ಟು ತೂಕ 20 ಅಡಿಯದ್ದರಲ್ಲೂ 30,480 ಕೆ.ಜಿ. ಎಂದು ನೀವೇ ಓದಬಹುದು. ಒಳಗೆ ಹೇಗೆ ತುಂಬಿದ್ದಾರೆಂದು ಚಾಲಕನಿಗೆ ಗೊತ್ತಿಲ್ಲ, ಸೀಲ್ ಬಿದ್ದ ಬಾಗಿಲನ್ನು ಅವನು ತೆರೆಯುವ ಹಾಗೂ ಇಲ್ಲ. ಕಾಫಿ, ಗೋಡಂಬಿಯ ಮೂಟೆಯಾದರೆ ಕೂತಲ್ಲೇ ಕೂರುತ್ತದೆ. ಎಣ್ಣೆಯಂಥ ದ್ರವವನ್ನು ಫ್ಲೆಕ್ಸಿ ಬ್ಯಾಗ್ ಎಂಬ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ 20 ಅಡಿಯ ಬಾಕ್ಸಿನೊಳಗೆ 24,000 ಲೀಟರಿನವರೆಗೂ ಹೋಗುತ್ತದೆ, ತಿರುವಿನಲ್ಲಿ ಅಷ್ಟೂ ಒಂದು ಬದಿಗೆ ವಾಲುತ್ತದೆ. ಆಗ ಬಾಕ್ಸನ್ನು ಟ್ರೈಲರಿಗೆ ಹಿಡಿದಿಡಲು ಇರುವುದು ಆ ನಾಲ್ಕು ಲಾಕು ಮಾತ್ರ.

ಲಾಕಿಗೂ ಆಯುಷ್ಯ ಉಂಟು. ನಮ್ಮ ಉಪ್ಪುಗಾಳಿಗೆ ಬುಡದ ನಟ್ಟು ತುಕ್ಕು ಹಿಡಿಯುತ್ತದೆ, ತಲೆ ಸವೆಯುತ್ತದೆ, ಕ್ರೇನಿನವರು ಬಾಕ್ಸ್ ಧಡ್ ಎಂದು ಇಳಿಸಿದರೆ ಹಿಡಿ ಬಾಗುತ್ತದೆ. ಬಾಗಿದ ಹಿಡಿ ತಿರುಗುವುದಿಲ್ಲ. ತಿರುಗದ ಲಾಕನ್ನು ಗ್ಯಾಸ್ ಕಟರಿನಲ್ಲಿ ಕೊಯ್ದು ಬಿಸಾಡಿ ಎಂದು ಹೇಳಿದ ಮಾಲಕರೂ ಇದ್ದಾರೆ, ಹೆಸರು ಬೇಡ. ನಾನು ಕೊಯ್ದು ಕೊಡಲಿಲ್ಲ, ಬೇರೆ ಕಡೆ ಕೊಯ್ಸಿಕೊಂಡರು. ಹೊಸ ಲಾಕಿನ ಬೆಲೆ ಒಂದು ಟೈರಿನ ಬೆಲೆಯ ಮುಂದೆ ಏನೂ ಅಲ್ಲ ಮಾರಾಯ್ರೆ. ಎಫ್‌.ಸಿ. (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಹತ್ತಿರ ಬಂದಾಗ ಹಿಂದೆ ಕೆಂಪು, ಬದಿಗೆ ಹಳದಿ ಹೊಳೆಯುವ ಟೇಪು ಅಂಟಿಸಲು, ಹಿಂದಿನ ಅಡ್ಡ ಪಟ್ಟಿ ನೆಟ್ಟಗೆ ಮಾಡಿಸಲು ಎಲ್ಲರೂ ಓಡಿ ಬರುತ್ತಾರೆ. ಅವೂ ಬೇಕು, ರಾತ್ರಿ ನಿಂತ ಟ್ರೈಲರಿನ ಅಡಿಗೆ ಕಾರು ನುಗ್ಗುವುದನ್ನು ತಡೆಯುವುದು ಆ ಪಟ್ಟಿಯೇ. ಆದರೆ ಎಫ್‌.ಸಿ.ಗಾಗಿ ಲಾಕ್ ಸರಿಮಾಡಿ ಎಂದು ಬಂದವರು ತೀರಾ ಕಡಿಮೆ.

ಟ್ರೈಲರನ್ನೇ ನಿಷೇಧಿಸಿ ಎನ್ನುವವರ ಪೈಕಿ ನಾನಲ್ಲ. ಬಂದರಿನ 14ನೇ ಬರ್ತಿಗೆ (ಹಡಗು ನಿಲ್ಲುವ ಕಟ್ಟೆಗೆ) ಕಂಟೈನರಿನ ಕ್ರೇನುಗಳು ಬಂದಿವೆ. ಬಾಕ್ಸು ಇನ್ನೂ ಹೆಚ್ಚು ಬರಲಿ, ಮಂಗಳೂರಿನ ಸರಕು ಕೊಚ್ಚಿಗೋ ಚೆನ್ನೈಗೋ ಹೋಗಿ ಹಡಗು ಹತ್ತುವ ಬದಲು ಇಲ್ಲೇ ಹತ್ತಲಿ. ನನ್ನ ಅನ್ನವೂ ಅದರಲ್ಲೇ ಉಂಟು. ಕೇಳುವುದು ಇಷ್ಟು: ಬಂದರಿನ ಗೇಟಾಗಲಿ, ಖಾಸಗಿ ಯಾರ್ಡಿನ ಗೇಟಾಗಲಿ, ಹೊರಹೋಗುವಾಗ ಕಾಗದ ನೋಡುವವರು ನಾಲ್ಕು ಹೆಜ್ಜೆ ನಡೆದು ನಾಲ್ಕು ಮೂಲೆಯನ್ನೂ ನೋಡಲಿ. ಒಳಬರುವವರಿಗೆ ಗೇಟಿನ ಒಳಗೆ, ಕ್ರೇನಿಗೆ ಸ್ವಲ್ಪ ಮೊದಲು, ಲಾಕ್ ತೆರೆಯಲೆಂದೇ ಒಂದು ಜಾಗ ಗೆರೆ ಎಳೆದು ಬಿಡಲಿ. ಆಗ ಮಾತ್ರ ರಸ್ತೆಯಲ್ಲೇ ತೆರೆಯುವ ಅಭ್ಯಾಸ ನಿಲ್ಲುತ್ತದೆ. ಬರೇ ದಂಡ ಹಾಕಿದರೆ ಚಾಲಕ ದಂಡ ಕಟ್ಟುತ್ತಾನೆ, ಲಾಕ್ ತೆರೆದೇ ಇರುತ್ತದೆ. ಆರ್‌ಟಿಒದವರು ಎಫ್‌.ಸಿ. ಸಮಯದಲ್ಲಿ ಪ್ರತಿ ಲಾಕನ್ನೂ ತಿರುಗಿಸಿ ನೋಡಲಿ. ಹಗ್ಗ ಕಟ್ಟಿದ ಫ್ಲಾಟ್ ಲಾರಿಯನ್ನು ಸಂಚಾರ ಪೊಲೀಸರು ಅಲ್ಲಿಯೇ ನಿಲ್ಲಿಸಲಿ, ಅದಕ್ಕೆ ಯಾವ ತಾಂತ್ರಿಕ ಜ್ಞಾನವೂ ಬೇಡ.

ನೋಡುವವರಿಗೆ ಸುಲಭವಾಗಲೆಂದು ನನ್ನ ಶೆಡ್ಡಿನಲ್ಲಿ ಒಂದು ಉಪಾಯ ಮಾಡಿದ್ದೇವೆ. ಇಲ್ಲಿಗೆ ಬರುವ ಹೆಚ್ಚಿನ ಟ್ರೈಲರುಗಳಲ್ಲಿ ಲಾಕ್ ಮುಚ್ಚಿದರೆ ಹಿಡಿ ಬೀಮಿನ ಬದಿಗೆ ಸೇರಿಕೊಳ್ಳುತ್ತದೆ, ತೆರೆದರೆ ಹೊರಗೆ ಚಾಚುತ್ತದೆ. ಆ ಚಾಚುವ ತುದಿಗೆ ಕೆಂಪು ಪೇಂಟ್ ಬಳಿಯುತ್ತೇವೆ. ಕೆಂಪು ಕಂಡರೆ ಲಾಕ್ ತೆರೆದಿದೆ ಎಂದು ಗೇಟಿನ ವಾಚ್‌ಮ್ಯಾನಿಗೂ ಗೊತ್ತಾಗುತ್ತದೆ, ಹಿಂದೆ ಬರುವ ಸ್ಕೂಟರಿನವನಿಗೂ. ಬೈಕಂಪಾಡಿಗೆ ಬರುವ ಯಾವ ಟ್ರೈಲರಿಗೂ ಇದನ್ನು ಬಳಿದುಕೊಡುತ್ತೇನೆ, ಪೇಂಟಿಗೆ ದುಡ್ಡು ಬೇಡ. ಲಾಕ್ ತಿರುಗದಿದ್ದರೆ ವೆಲ್ಡಿಂಗಿನ ದುಡ್ಡು ಮಾತ್ರ ಕೊಡಬೇಕಾಗುತ್ತದೆ.

– ಒಬ್ಬ ವೆಲ್ಡಿಂಗ್ ಶೆಡ್ ಮಾಲಕ
ಬೈಕಂಪಾಡಿ, ಮಂಗಳೂರು