ಗಾಳಿಗೆ ಆ ಗಾಜು ಹೇಗೆ ನಿಂತಿದೆ ಅಂತ ಕೇಳಿದಿರಲ್ಲ ಅಪ್ಪ

ಯಾರ್ಕ್, ಇಂಗ್ಲೆಂಡ್

ಪ್ರೀತಿಯ ಅಪ್ಪ, ಅಮ್ಮನಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಆಸ್ಪತ್ರೆಯಲ್ಲಿ ಈ ತಿಂಗಳು ರಾತ್ರಿ ಪಾಳಿ ಇಲ್ಲ, ಹಾಗಾಗಿ ಊಟ ನಿದ್ದೆ ಎಲ್ಲ ಸರಿಯಾಗಿದೆ. ಚಳಿ ಮಾತ್ರ ಜಾಸ್ತಿ. ಕುಶಾಲನಗರದಲ್ಲಿ ಮಳೆ ಬಿಟ್ಟಿದೆ, ಅಂಗಡಿಗೆ ಜನ ಬರುತ್ತಿದ್ದಾರೆ ಅಂತ ತಮ್ಮ ಹೇಳಿದ. ಇನ್ನು ಮದುವೆ ಸೀಸನ್ ಶುರುವಾದರೆ ಫೋಟೋಗಳಿಗೆ ಕಟ್ಟು ಹಾಕುವುದರಲ್ಲೇ ನಿಮ್ಮ ದಿನ ಹೋಗುತ್ತದೆ, ಅಲ್ವಾ?

ನಾನು ಕಳಿಸಿದ ಚರ್ಚ್ ಕಿಟಕಿಯ ಫೋಟೋ ನೋಡಿ ಮನೆಯವರೆಲ್ಲ ಬಣ್ಣ ಎಷ್ಟು ಚೆನ್ನಾಗಿದೆ ಅಂದರು. ನೀವೊಬ್ಬರೇ "ಅಷ್ಟು ದೊಡ್ಡ ಗಾಜು ಗಾಳಿಗೆ ಹೇಗೆ ನಿಂತಿದೆ?" ಅಂತ ಕೇಳಿದ್ದು. ಗಾಜಿನ ಅಂಗಡಿಯವರಿಗಲ್ಲದೆ ಬೇರೆ ಯಾರಿಗೆ ಆ ಪ್ರಶ್ನೆ ಬರುತ್ತದೆ? ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅದು ಯಾರ್ಕ್ ಮಿನ್‌ಸ್ಟರ್ ಅನ್ನುವ ದೊಡ್ಡ ಚರ್ಚಿನ ಪೂರ್ವದ ಕಿಟಕಿ. ಎತ್ತರ 23 ಮೀಟರಿಗೂ ಮೇಲೆ, ಅಗಲ 9 ಮೀಟರ್ ದಾಟುತ್ತದೆ. ಆದರೆ ಅದು ಒಂದು ಗಾಜು ಅಲ್ಲವೇ ಅಲ್ಲ ಅಪ್ಪ. ನಡುವೆ ಕಲ್ಲಿನ ಕಂಬಿಗಳಿವೆ. ಅವುಗಳ ಮಧ್ಯೆ 311 ಫಲಕಗಳು. ಪ್ರತಿ ಫಲಕವೂ ಸಣ್ಣ ಸಣ್ಣ ಗಾಜಿನ ಚೂರುಗಳನ್ನು ಸೀಸದ ಪಟ್ಟಿಯಿಂದ ಜೋಡಿಸಿದ್ದು. ಪಟ್ಟಿಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಇಂಗ್ಲಿಷಿನ ಎಚ್ ಅಕ್ಷರದ ಆಕಾರ ಕಾಣುತ್ತದೆ. ಎರಡೂ ಬದಿ ಉದ್ದಕ್ಕೂ ಸಂದು ಇರುವುದರಿಂದ ಈ ಕಡೆ ಒಂದು ಚೂರು, ಆ ಕಡೆ ಒಂದು ಚೂರು ಒಳಗೆ ಕೂರುತ್ತದೆ. ಪಟ್ಟಿಗಳು ಸೇರುವ ಕಡೆಯೆಲ್ಲ ಬೆಸುಗೆ. ಫಲಕದ ಸೀಸಕ್ಕೆ ತಾಮ್ರದ ತಂತಿ ಬೆಸೆದು, ಕಲ್ಲಿಗೆ ಹೊಡೆದ ಕಬ್ಬಿಣದ ಸರಳಿಗೆ ಆ ತಂತಿಯನ್ನು ತಿರುಚಿ ಕಟ್ಟುತ್ತಾರೆ. ಗಾಳಿ ಬೀಸಿದಾಗ ಫಲಕ ಒಂದಿಷ್ಟು ಬಾಗುತ್ತದೆ, ಒಡೆಯುವುದಿಲ್ಲ. ಸೀಸ ಮೆತ್ತಗಿರುವುದೇ ಅದರ ಶಕ್ತಿ.

ಇದೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? ಶನಿವಾರ ಒಬ್ಬರು ಅಜ್ಜಿಯ ಹತ್ತಿರ ಈ ಕೆಲಸ ಕಲಿಯುವುದಕ್ಕೆ ಹೋಗುತ್ತಿದ್ದೇನೆ. ಸೀಸ ಅಂದ ಕೂಡಲೇ ಅಮ್ಮ ಗಾಬರಿ ಆಗಬೇಡಿ, ಕೈ ಉಜ್ಜಿ ತೊಳೆಯದೆ ಅಲ್ಲಿ ಒಂದು ಲೋಟ ಟೀ ಕೂಡ ಕೊಡುವುದಿಲ್ಲ. ಗ್ಲಾಸ್ ಕಟರ್ ಹಿಡಿದದ್ದು ನೋಡಿ ಅಜ್ಜಿ "ನಿಂಗೆ ಮೊದಲೇ ಬರುತ್ತಲ್ಲ" ಅಂದರು. ಅಂಗಡಿಯಲ್ಲಿ ನಿಮ್ಮ ಪಕ್ಕ ನಿಂತು ನೋಡಿದ್ದು ಸುಮ್ನೆ ಹೋಗಿಲ್ಲ.

ಕೆಲಸ ಹೀಗೆ. ಮೊದಲು ಕಾಗದದ ಮೇಲೆ ಅಸಲಿ ಅಳತೆಗೆ ಚಿತ್ರ ಬರೆಯುತ್ತಾರೆ. ಚೂರುಗಳನ್ನು ಗೆರೆಗೆ ಸರಿಯಾಗಿ ಕತ್ತರಿಸುವ ಹಾಗಿಲ್ಲ. ಎಚ್ ಅಕ್ಷರದ ನಡುಗೆರೆಯಂತಿರುವ ಸೀಸದ ನಡುಗೋಡೆಗೆ ಒಂದೂವರೆ ಮಿಲಿಮೀಟರಿನಷ್ಟು ಜಾಗ ಬಿಡಲೇಬೇಕು. ಒಂದೊಂದರಲ್ಲೂ ಅಷ್ಟು ಮರೆತರೆ ಹತ್ತನೇ ಚೂರಿಗೆ ಬರುವಾಗ ಫಲಕ ಚೌಕಟ್ಟಿನಿಂದ ಹೊರಗೆ ಬಂದಿರುತ್ತದೆ. ಸೀಸದ ಪಟ್ಟಿಯನ್ನು ಹಾಗೇ ಬಳಸುವುದಿಲ್ಲ, ಒಂದು ತುದಿ ವೈಸಿಗೆ ಸಿಕ್ಕಿಸಿ ಇನ್ನೊಂದು ತುದಿ ಇಕ್ಕಳದಲ್ಲಿ ಹಿಡಿದು ಎಳೆಯುತ್ತಾರೆ. ಆಗ ಡೊಂಕು ಹೋಗಿ ಬಿಗಿಯಾಗುತ್ತದೆ. ಜೋಡಿಸುವಾಗ ಚೂರು ಜಾರದ ಹಾಗೆ ಸುತ್ತ ಮೊಳೆ ಹೊಡೆಯುತ್ತಾರೆ. ಯಾವ ಮೊಳೆ ಗೊತ್ತಾ? ಕುದುರೆ ಲಾಳದ ಮೊಳೆ! ಅದರ ಮೈ ಚಪ್ಪಟೆ, ಗಾಜಿನ ಅಂಚು ಚಕ್ಕೆ ಏಳುವುದಿಲ್ಲ. ಕೊನೆಗೆ ಅಗಸೆ ಎಣ್ಣೆ, ಸೀಮೆಸುಣ್ಣದ ಪುಡಿ ಕಲಸಿದ ಪುಟ್ಟಿಯನ್ನು ಬ್ರಷ್ಷಿನಲ್ಲಿ ಸೀಸದ ಅಡಿಗೆ ತಿಕ್ಕಿ ತುಂಬುತ್ತಾರೆ. ನೀರು ಒಳಗೆ ಬರುವುದಿಲ್ಲ, ಗಾಜು ಅಲ್ಲಾಡುವುದಿಲ್ಲ.

ಒಳಕ್ಕೆ ಬಾಗಿದ ಗೆರೆ ಕತ್ತರಿಸುವಾಗ ಗಾಜು ಹೇಳಿದ ಮಾತು ಕೇಳಲ್ಲ ಅಂತ ನೀವು ಬೈಯುತ್ತಿದ್ದಿರಲ್ಲ, ಹಳೇ ಕಾಲದವರಿಗೆ ಕಟರೂ ಇರಲಿಲ್ಲ. ಕಾಸಿದ ಕಬ್ಬಿಣವನ್ನು ಗೆರೆಯುದ್ದಕ್ಕೂ ಎಳೆದು ಬಿರುಕು ಬಿಡಿಸುತ್ತಿದ್ದರು. ಆಮೇಲೆ ಕೊಕ್ಕೆಯಂಥ ಕಬ್ಬಿಣದಿಂದ ಅಂಚನ್ನು ಚೂರು ಚೂರೇ ಕಚ್ಚಿ ತೆಗೆದು ಆಕಾರಕ್ಕೆ ತರುತ್ತಿದ್ದರು. ಅಜ್ಜಿ ಒಂದು ಹಳೇ ಚೂರನ್ನು ಕೈಗೆ ಕೊಟ್ಟರು. ಬೆರಳಾಡಿಸಿದರೆ ಅಂಚೆಲ್ಲ ಇಲಿ ಕಡಿದ ಹಾಗೆ ತರಿತರಿ. ಅದೇ ಕೈಗೆಲಸದ ಗುರುತು.

ಬಣ್ಣದ ವಿಷಯವನ್ನೂ ಹೇಳಿಬಿಡುತ್ತೇನೆ. ಅದು ಗಾಜಿನ ಮೇಲೆ ಬಳಿದ ಪೇಂಟ್ ಅಲ್ಲ. ಗಾಜು ಕರಗಿರುವಾಗಲೇ ಲೋಹ ಸೇರಿಸುತ್ತಾರೆ. ಕೋಬಾಲ್ಟ್ ಹಾಕಿದರೆ ನೀಲಿ, ಮ್ಯಾಂಗನೀಸ್ ಹಾಕಿದರೆ ನೇರಳೆ. ತಾಮ್ರದ ಕೆಂಪು ಮಾತ್ರ ತುಂಬಾ ಗಾಢ, ಪೂರ್ತಿ ಕೆಂಪಾದರೆ ಬೆಳಕೇ ಹಾಯುವುದಿಲ್ಲ. ಅದಕ್ಕೇ ಬಿಳಿ ಗಾಜಿಗೆ ತೆಳ್ಳಗೆ ಒಂದು ಪದರ ಕೆಂಪು ಹಿಡಿಸುತ್ತಾರೆ. ಕಣ್ಣು, ಮೂಗು, ಬಟ್ಟೆಯ ಮಡಿಕೆ ಇವನ್ನು ಮಾತ್ರ ಕುಂಚದಲ್ಲಿ ಬರೆದು ಕುಲುಮೆಯಲ್ಲಿ ಸುಡುತ್ತಾರೆ. 14ನೇ ಶತಮಾನದ ಶುರುವಿನಲ್ಲಿ ಇಲ್ಲಿಯವರಿಗೆ ಇನ್ನೊಂದು ಉಪಾಯ ಸಿಕ್ಕಿತು. ಬೆಳ್ಳಿಯ ಲವಣವನ್ನು ಗಾಜಿನ ಹಿಂಬದಿಗೆ ಹಚ್ಚಿ ಸುಟ್ಟರೆ ಹಳದಿ ಬರುತ್ತದೆ. ಮುಖ ಬಿಳಿ, ಕೂದಲು ಹೊಂಬಣ್ಣ, ಎರಡೂ ಒಂದೇ ಚೂರಿನಲ್ಲಿ. ಮಧ್ಯದಲ್ಲಿ ಸೀಸದ ಗೆರೆಯೇ ಬೇಕಾಗಲಿಲ್ಲ.

ಪೂರ್ವದ ಕಿಟಕಿ ಮಾಡಿದವನ ಹೆಸರು ಜಾನ್ ಥಾರ್ನ್‌ಟನ್, ಕವೆಂಟ್ರಿ ಊರಿನವನು. 1405ರಲ್ಲಿ ಕರಾರು. ವಾರಕ್ಕೆ 4 ಶಿಲ್ಲಿಂಗ್, ವರ್ಷಕ್ಕೆ 5 ಪೌಂಡ್ ಮೇಲೆ, ಮೂರು ವರ್ಷದೊಳಗೆ ಮುಗಿಸಿದರೆ 10 ಪೌಂಡ್ ಬೇರೆ. ಆಸಾಮಿ 1408ಕ್ಕೆ ಮುಗಿಸಿಯೇಬಿಟ್ಟ. ಹೇಳಿದ ದಿನಕ್ಕೆ ಕೆಲಸ ಕೊಡುವ ಗಾಜಿನವರೂ ಇದ್ದರು ಅಂತ ಅಮ್ಮ ನಗಬಹುದು. ಜಗತ್ತು ಹುಟ್ಟಿದ್ದು, ಅದು ಕೊನೆಯಾಗುವುದು, ಬೈಬಲಿನ ಈ ಎರಡೂ ಕತೆ ಅದರಲ್ಲಿದೆ. ನಿಜ ಹೇಳಬೇಕೆಂದರೆ ಕೆಳಗೆ ನಿಂತು ನೋಡುವವರಿಗೆ ಮೇಲಿನ ಅರ್ಧ ಚಿತ್ರ ಯಾವುದು ಏನು ಅಂತ ತಿಳಿಯುವುದೇ ಇಲ್ಲ. ಬೈನಾಕ್ಯುಲರ್ ಬೇಕು. ಆದರೂ ಅವನು ಮೇಲಿನ ಮುಖಗಳಿಗೂ ರೆಪ್ಪೆ ಬರೆದಿದ್ದಾನೆ.

ಸೀಸ ಶಾಶ್ವತ ಅಲ್ಲ. ನೂರು, ನೂರೈವತ್ತು ವರ್ಷಕ್ಕೆ ದಣಿದು ಸೀಳುತ್ತದೆ. ಆಗ ಫಲಕ ಇಳಿಸಿ, ಬಿಚ್ಚಿ, ಹೊಸ ಸೀಸ ಹಾಕಬೇಕು. ಒಡೆದ ಚೂರುಗಳನ್ನು ಹಿಂದಿನವರು ಇನ್ನೊಂದು ಸೀಸದ ಪಟ್ಟಿ ಹಾಕಿಯೇ ಕೂಡಿಸುತ್ತಿದ್ದರು. ಹಾಗೆ ಮಾಡಿ ಮಾಡಿ ಮುಖಗಳ ತುಂಬ ಕಪ್ಪು ಗೆರೆ ತುಂಬಿ ಚಿತ್ರವೇ ಕಾಣದಂತಾಗಿತ್ತು. ಈಚೆಗೆ ಪೂರ್ತಿ ಕಿಟಕಿ ಇಳಿಸಿ, ಆ ಹೆಚ್ಚಿನ ಸೀಸ ತೆಗೆದು, ಚೂರುಗಳ ಅಂಚನ್ನು ಪಾರದರ್ಶಕ ಅಂಟಿನಿಂದ ಕೂಡಿಸಿದರು. ಹತ್ತು ವರ್ಷದ ಕೆಲಸ. 2018ರಲ್ಲಿ ಕೊನೆಯ ಫಲಕ ಕೂರಿಸಿದರು. ಮಳೆ ಬಿಸಿಲು ನೇರ ಬಡಿಯದ ಹಾಗೆ ಹೊರಗಡೆ ಇನ್ನೊಂದು ಗಾಜೂ ಹಾಕಿದ್ದಾರೆ. ಹಳೇ ಗಾಜು ಸೋರಿ ಕೆಳಗಡೆ ದಪ್ಪ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ, ನಂಬಬೇಡಿ. ಊದಿ ಮಾಡಿದ ಗಾಜು ಮೊದಲಿನಿಂದಲೇ ಒಂದೇ ಮಟ್ಟಕ್ಕೆ ಇರುತ್ತಿರಲಿಲ್ಲ, ಅಷ್ಟೇ.

ಸೀಸ ಎಂಥ ಕೆಲಸ ಮಾಡುತ್ತದೆ ಅನ್ನುವುದಕ್ಕೆ 1984ರ ಕತೆ ಕೇಳಿ. ಆ ಜುಲೈನಲ್ಲಿ ಚರ್ಚಿನ ದಕ್ಷಿಣ ಭಾಗಕ್ಕೆ ಬೆಂಕಿ ಬಿತ್ತು, ಮಾಡು ಉರಿದು ಕುಸಿಯಿತು. ಅಲ್ಲಿಯ ದುಂಡು ಕಿಟಕಿಯ ಗಾಜು ಕಾವಿಗೆ ಸುಮಾರು 40,000 ಕಡೆ ಬಿರುಕು ಬಿಟ್ಟಿತು. ಆದರೆ ಬೀಳಲಿಲ್ಲ! ಕೆಲವು ವರ್ಷಗಳ ಹಿಂದಷ್ಟೇ ಹೊಸ ಸೀಸ ಹಾಕಿದ್ದರು, ಅದು ಹಿಡಿದುಕೊಂಡಿತ್ತು. ಬಣ್ಣ ನೋಡುವುದಕ್ಕೆ ಬಂದ ಸಾವಿರಾರು ಜನರಲ್ಲಿ ಆ ಸೀಸ ಹಾಕಿದವರನ್ನು ನೆನೆಯುವವರು ಎಷ್ಟು ಮಂದಿ? ನನಗೆ ಅದೇ ಸಂಕಟ.

ನಿಮಗೆ ಅತಿ ಹೆಚ್ಚು ಹಿಡಿಸುವುದು ಪೂರ್ವದ ಕಿಟಕಿ ಅಲ್ಲ ಅಂತ ನನ್ನ ಅಂದಾಜು. ಉತ್ತರದ ಗೋಡೆಯಲ್ಲಿ ಐವರು ಅಕ್ಕತಂಗಿಯರು ಅಂತ ಕರೆಯುವ ಐದು ಕಿಟಕಿಗಳಿವೆ. ಸುಮಾರು 1250ರ ಕಾಲದವು, ಎತ್ತರ 16 ಮೀಟರ್. ಅಲ್ಲಿ ದೇವರಿಲ್ಲ, ಸಂತರಿಲ್ಲ, ಬಣ್ಣವೂ ಕಡಿಮೆ. ಬೂದಿ, ತಿಳಿ ಹಸಿರು ಗಾಜಿನಲ್ಲಿ ಎಲೆ, ಬಳ್ಳಿ, ಸೀಸದ ನಕ್ಷೆ ಅಷ್ಟೇ. ಒಂದು ಲಕ್ಷಕ್ಕೂ ಜಾಸ್ತಿ ಚೂರು! 1920ರ ದಶಕದಲ್ಲಿ ರೀವೋ ಅನ್ನುವ ಪಾಳುಬಿದ್ದ ಮಠದ ಮಣ್ಣಿನಡಿ ಹಳೇ ಸೀಸದ ಗಟ್ಟಿಗಳು ಸಿಕ್ಕಿದ್ದವಂತೆ. ಅದನ್ನೇ ಕರಗಿಸಿ ಈ ಕಿಟಕಿಗೆ ಹಾಕಿದ್ದಾರೆ. ಗುಜರಿ ಅಂತ ಏನನ್ನೂ ಬಿಸಾಡಬೇಡ ಅನ್ನುವ ನಿಮಗೆ ಇದು ಸರಿಹೋಗುತ್ತದೆ.

ಊರಿನಲ್ಲಿ ಇನ್ನೊಂದು ಚಿಕ್ಕ ಚರ್ಚಿದೆ, ಆಲ್ ಸೇಂಟ್ಸ್. ಅಲ್ಲಿಯ 15ನೇ ಶತಮಾನದ ಕಿಟಕಿಯಲ್ಲಿ ದೇವದೂತರ ಜೊತೆ ನಿಂತ ಜನರಲ್ಲಿ ಒಬ್ಬ ಕನ್ನಡಕ ಹಾಕಿಕೊಂಡಿದ್ದಾನೆ. ಅದು ಹತ್ತಿರದಿಂದಲೇ ಕಾಣುತ್ತದೆ. ಬೈಬಲಿಗಿಂತ ಆ ಕನ್ನಡಕವೇ ನನಗೆ ಇಷ್ಟವಾಯಿತು. ಅಂಗಡಿಗೆ ಬರುವ ಯಾರೋ ಗಿರಾಕಿಯನ್ನು ನೋಡಿಯೇ ಬರೆದಿರಬೇಕು.

ಅಪ್ಪ, ದಸರಾಕ್ಕೆ ಮೈಸೂರು ಅರಮನೆಗೆ ಹೋದಾಗ ಕಲ್ಯಾಣ ಮಂಟಪದ ಚಾವಣಿಯಲ್ಲಿ ನವಿಲಿನ ಬಣ್ಣದ ಗಾಜು ನೋಡಿದ್ದೆವಲ್ಲ, ಇನ್ನೊಂದು ಸಲ ಹೋದರೆ ಬಣ್ಣ ಬಿಟ್ಟು ಅಡ್ಡ ಕಂಬಿ, ಜೋಡಣೆ ನೋಡಿ ನನಗೆ ಹೇಳಿ. ಮಡಿಕೇರಿ ಕೋಟೆಯೊಳಗೆ 1859ರಲ್ಲಿ ಕಟ್ಟಿದ ಹಳೇ ಚರ್ಚು ಈಗ ಮ್ಯೂಸಿಯಂ ಆಗಿದೆ. ತಮ್ಮ ಆ ಕಡೆ ಹೋದರೆ ಕಿಟಕಿಗಳ ಫೋಟೋ ಕಳಿಸಲಿ, ದೂರದಿಂದ ಅಲ್ಲ, ಅಂಚು ಕಾಣುವ ಹಾಗೆ.

ನಾನು ಮಾಡುತ್ತಿರುವ ಫಲಕ ಒಂದು ಅಡಿ ಚೌಕದ್ದು. ಕಾಫಿ ಗಿಡದ ಕೊಂಬೆ, ಬಿಳಿ ಹೂವು. ಹಸಿರು ಗಾಜು ಎರಡು ಬಗೆ ಸಿಕ್ಕಿದೆ, ಹಣ್ಣಿಗೆ ಕೆಂಪು ಇನ್ನೂ ಸಿಕ್ಕಿಲ್ಲ. ಮುಂದಿನ ವರ್ಷ ಬರುವಾಗ ತರುತ್ತೇನೆ. ಅಂಗಡಿಯ ಬಾಗಿಲ ಮೇಲಿನ ಗಾಜು ತೆಗೆದು ಅಲ್ಲಿ ಕೂರಿಸಬಹುದಾ? ಅಳತೆ ಬರೆದು ಕಳಿಸಿ, ಅಂಗುಲದಲ್ಲಿ ಬೇಡ, ಮಿಲಿಮೀಟರಿನಲ್ಲಿ.

ಮನೆಯಲ್ಲಿ ನಮ್ಮ ಅಜ್ಜಿಗೆ, ದೊಡ್ಡಮ್ಮನಿಗೆ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಪ್ರೀತಿಯ ಮಗಳು