ಕಡಿಮೆಯಲ್ಲಿ ಬದುಕುವುದು: ಸಾಲದ ಮಾತೂ ಬರಲಿ

ಮಾನ್ಯ ಸಂಪಾದಕರೇ,

ಸರಳ ಬದುಕಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಲೇಖನಗಳು ಬರುತ್ತವೆ. ತಪ್ಪದೆ ಓದುತ್ತೇನೆ. ಆದರೆ ಹೆಚ್ಚಿನವು ಬೇಡದ ಸಾಮಾನನ್ನು ಮನೆಯಿಂದ ಹೊರಗೆ ಹಾಕುವುದು ಹೇಗೆ ಅಂತಲೇ ಹೇಳುತ್ತವೆ. ಹೊರಗೆ ಹಾಕಲು ಸಾಮಾನೇ ಇಲ್ಲದವರ ಮಾತೂ ಸ್ವಲ್ಪ ಇರಲಿ ಅಂತ ಈ ಪತ್ರ.

ನಾನು ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದವನು. ಪ್ರೆಸ್ ಮುಚ್ಚಿತು. ಈಗ ಒಂದೇ ಕೋಣೆಯಲ್ಲಿ ಒಬ್ಬನೇ ಇದ್ದೇನೆ, ಅವರಿವರ ಹಳೇ ಪುಸ್ತಕಗಳಿಗೆ ರಟ್ಟು ಹಾಕಿಕೊಡುತ್ತೇನೆ. ಒಂದು ಚಾಪೆ, ಒಂದು ಟ್ರಂಕು, ಒಂದು ಸೈಕಲ್. ಟಿವಿ ಇಲ್ಲ, ಫ್ರಿಜ್ ಇಲ್ಲ. ನೆಮ್ಮದಿಯಾಗಿದ್ದೇನೆ. ಹೀಗೆಂದರೆ ಜನ ನನ್ನನ್ನು ಸಾಧು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ, ಕೈಯಲ್ಲಿ ದುಡ್ಡಿದ್ದಿದ್ದರೆ ಮೊದಲು ಒಂದು ಫ್ಯಾನು ತರುತ್ತಿದ್ದೆ.

ನೆಮ್ಮದಿ ಬಂದದ್ದು ಸಾಲ ತೀರಿದ ಮೇಲೆ. ಸಾಲ ಇದ್ದಾಗಲೂ ಇದೇ ಕೋಣೆ, ಇದೇ ಚಾಪೆ. ಆದರೆ ಫೋನು ಬಡಿದುಕೊಂಡರೆ ಎದೆ ಧಸಕ್ ಅನ್ನುತ್ತಿತ್ತು. ಕೈ ರಟ್ಟಿಗೆ ಅಂಟು ಹಚ್ಚುತ್ತಿದ್ದರೂ ತಲೆ ಕಂತಿನ ಲೆಕ್ಕದಲ್ಲೇ ಇರುತ್ತಿತ್ತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಓದಿದಾಗ ಇದು ನನ್ನೊಬ್ಬನ ಪಾಡಲ್ಲ ಅನ್ನಿಸಿತು. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮೊದಲೊಮ್ಮೆ, ಆಮೇಲೊಮ್ಮೆ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಕೊಟ್ಟರು. ಅದೇ ರೈತರು. ಕೈ ಖಾಲಿ ಇದ್ದಾಗ ಮಾತ್ರ ಹಿಂದೆ ಬಿದ್ದರು. ಇಂಥ ಹೊತ್ತಿನಲ್ಲಿ ಇರುವವರಿಗೆ ‘ಇದ್ದುದರಲ್ಲೇ ತೃಪ್ತಿಪಡಿ’ ಅನ್ನುವುದು ಸುಲಭ, ಅಲ್ವಾ? ಹೇಳುವವರ ಹೊಟ್ಟೆ ಮಾತ್ರ ತುಂಬಿರುತ್ತದೆ.

ಸಾಲ ತೀರಿದ ಮೇಲೆ ಕೈಗೆ ಬಂದದ್ದು ಸಮಯ. ಸೈಕಲ್ ಪಂಕ್ಚರ್ ಹಾಕುವುದನ್ನು ಕಲಿತೆ. ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಏಳುವ ಜಾಗ ಹುಡುಕಬೇಕು, ಒರೆಸಿ ಒಣಗಿಸಿ ಉಪ್ಪುಕಾಗದದಲ್ಲಿ ಉಜ್ಜಬೇಕು. ಸೊಲ್ಯೂಷನ್ ಹಚ್ಚಿದ ತಕ್ಷಣ ಪ್ಯಾಚ್ ಅಂಟಿಸಬಾರದು, ಸ್ವಲ್ಪ ಒಣಗಲು ಬಿಡಬೇಕು. ಕಿತ್ತುಹೋದ ಚಪ್ಪಲಿಯನ್ನು ಬೈಂಡಿಂಗ್ ಸೂಜಿಯಲ್ಲೇ, ಮೇಣ ಹಚ್ಚಿದ ದಾರ ಹಾಕಿ ಹೊಲಿದುಕೊಳ್ಳುತ್ತೇನೆ. ನೋಡಲು ಚೆಂದ ಇಲ್ಲ, ಆದರೆ ಹೊಲಿಗೆ ಬಿಡುವುದಿಲ್ಲ. ಹೀಗೆ ಏನಾದರೂ ಸರಿಯಾದ ದಿನ ಆಗುವ ಖುಷಿ ಹೊಸತು ಕೊಂಡಾಗಲೂ ಆಗಿದ್ದಿಲ್ಲ.

ಸರಳತೆ ಅಂದಕೂಡಲೇ ಅಮೆರಿಕದ ಲೇಖಕ ಥೋರೋ ಹೆಸರು ಬರುತ್ತದೆ. 1845ರಲ್ಲಿ ವಾಲ್ಡನ್ ಕೊಳದ ಹತ್ತಿರ 10 ಅಡಿ ಅಗಲ, 15 ಅಡಿ ಉದ್ದದ ಗುಡಿಸಲು ಕಟ್ಟಿಕೊಂಡು ಎರಡು ವರ್ಷ ಇದ್ದವನು. ಆದರೆ ಆ ಜಾಗ ಅವನ ಗೆಳೆಯ ಎಮರ್ಸನ್‌ದು. ಹಲಗೆ ಬೇರೊಬ್ಬರ ಹಳೇ ಗುಡಿಸಲಿನದು. ಕೊಡಲಿ ಎರವಲು. ತಂದದ್ದಕ್ಕಿಂತ ಚೂಪು ಮಾಡಿ ವಾಪಸ್ ಕೊಟ್ಟೆ ಅಂತ ಅವನೇ ಬರೆದುಕೊಂಡಿದ್ದಾನೆ. ನನಗೆ ಇಷ್ಟವಾದದ್ದು ಈ ಕೊಡಲಿಯ ಮಾತೇ. ಪಕ್ಕದ ಮನೆಯವರಿಂದ ನಾನು ಸೈಕಲ್ ಪಂಪು ತರುತ್ತೇನೆ, ಅವರ ಮಕ್ಕಳ ಹರಿದ ಪುಸ್ತಕ ನನ್ನ ಹತ್ತಿರ ಬರುತ್ತವೆ. ಲೆಕ್ಕ ಇಟ್ಟಿಲ್ಲ.

ಕೊನೆಗೊಂದು ಕೋರಿಕೆ. ತೃಪ್ತಿಯ ಲೇಖನಗಳ ಜೊತೆಗೆ ವಾರಕ್ಕೊಮ್ಮೆ ಒಂದು ರಿಪೇರಿ ಅಂಕಣ ಹಾಕಿ. ಸೋರುವ ನಲ್ಲಿಗೆ ವಾಷರ್ ಹಾಕುವುದು, ಕಿತ್ತ ಜಿಪ್ ಸರಿಮಾಡುವುದು, ಬಡ್ಡಿಯ ಲೆಕ್ಕ ತಾವೇ ಹಾಕಿ ನೋಡುವುದು, ಹೀಗೆ. ಪುಸ್ತಕ ಹೊಲಿಯುವುದರ ಬಗ್ಗೆ ಬೇಕಾದರೆ ನಾನೇ ಬರೆದು ಕಳಿಸುತ್ತೇನೆ.

ಇತಿ,
ನಿಮ್ಮ ಓದುಗ, ಒಬ್ಬ ಬೈಂಡರ್